16 ವರ್ಷ, ಆರಡಿ ಐದಿಂಚು: ಯುರೋಪ್ ಕ್ಲಬ್ಬಿನ ಕಾಂಟ್ರಾಕ್ಟ್ ಅಂತ ಬಂದಿರೋ ಪತ್ರ ನಂಬಬಹುದಾ?

ಕಲ್ಪತರು ಕೋರ್ಟ್, ತುಮಕೂರು

ಇಲ್ಲಿ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಬ್ಯಾಸ್ಕೆಟ್‌ಬಾಲ್ ಅಭ್ಯಾಸಕ್ಕೆ ಬರುವ ಹುಡುಗನೊಬ್ಬನ ವಿಷಯ. ವಯಸ್ಸು 16, ಮೊದಲನೇ ಪಿಯು, ಎತ್ತರ ಆರಡಿ ಐದಿಂಚು, ಆಡೋದು ಸೆಂಟರ್ (ರಿಂಗ್ ಹತ್ತಿರ ಆಡುವ ಎತ್ತರದವರ ಜಾಗ). ಅವರ ಮನೆಗೆ ಏಜೆಂಟ್ ಒಬ್ಬರು ಪತ್ರ ಕೊಟ್ಟಿದ್ದಾರೆ. 17ಕ್ಕೆ ಯುರೋಪಿನ ಎರಡನೇ ಡಿವಿಷನ್ ಕ್ಲಬ್ಬಿನಲ್ಲಿ ಸಂಬಳದ ಒಪ್ಪಂದವಂತೆ, 19ಕ್ಕೆ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಡ್ರಾಫ್ಟ್, ಅಂದ್ರೆ ಅಲ್ಲಿನ ತಂಡಗಳು ಹೊಸ ಆಟಗಾರರನ್ನು ಆರಿಸೋ ಪ್ರಕ್ರಿಯೆ, ಅದಕ್ಕೆ ನೋಂದಣಿಯಂತೆ. ಟ್ರಯಲ್, ಕ್ಲಿಯರೆನ್ಸ್, ಡ್ರಾಫ್ಟ್ ಶುಲ್ಕ ಎಲ್ಲಾ ಸೇರಿ ಆರು ಲಕ್ಷ ಮುಂಗಡ ಕಟ್ಟಬೇಕಂತೆ. ಹುಡುಗನ ತಂದೆಗೆ ತಿಪಟೂರು ಕಡೆ ತೆಂಗಿನ ತೋಟ ಇದೆ, ಅದರ ಮೇಲೆ ಸಾಲ ಎತ್ತೋ ಯೋಚನೆಯಲ್ಲಿದ್ದಾರೆ.

ನಾನು ಅವನ ಪಿಇ ಮೇಷ್ಟ್ರು. ಈ ಪತ್ರದಲ್ಲಿ ಯಾವುದು ನಿಜ, ಯಾವುದು ಸುಳ್ಳು? ಹೊರದೇಶದಲ್ಲಿ ವೃತ್ತಿಪರನಾಗಿ ಆಡುವ ಹುಡುಗನ ದಾರಿ ನಿಜವಾಗಿ ಹೇಗಿರುತ್ತೆ? ವಿಷಯ ತಿಳಿದವರು ಬಿಡಿಸಿ ಹೇಳಿ, ಈ ವಾರದೊಳಗೆ ಅವರಪ್ಪನಿಗೆ ಉತ್ತರ ಕೊಡಬೇಕು.

ನಂದಿ 1478, ಚಿಕ್ಕಬಳ್ಳಾಪುರ

ಮೇಷ್ಟ್ರೇ, ಮೊದಲು ಆ ದುಡ್ಡು ನಿಲ್ಲಿಸಿ. ಮಿಕ್ಕಿದ್ದು ಆಮೇಲೆ.

ಡ್ರಾಫ್ಟ್‌ಗೆ ಶುಲ್ಕ ಅನ್ನೋದೇ ಇಲ್ಲ. ಕಾಲೇಜಿಗಾಗಲಿ ಆಟಕ್ಕಾಗಲಿ ಅಮೆರಿಕಕ್ಕೆ ಹೋಗದೆ ಹೊರಗೇ ಇದ್ದ ಆಟಗಾರ, 22 ತುಂಬುವ ಕ್ಯಾಲೆಂಡರ್ ವರ್ಷದಲ್ಲಿ ತಾನಾಗೇ ಡ್ರಾಫ್ಟ್‌ಗೆ ಅರ್ಹ. ಅರ್ಜಿಯೂ ಬೇಡ. ಅದಕ್ಕಿಂತ ಮೊದಲು ಹೋಗಬೇಕಂದ್ರೆ, ಆ ವರ್ಷದಲ್ಲಿ ಕನಿಷ್ಠ 19 ತುಂಬುವಂತಿರಬೇಕು, ಡ್ರಾಫ್ಟ್‌ಗೆ 60 ದಿನ ಮುಂಚೆ ಲೀಗ್‌ಗೆ ಪತ್ರ ತಲುಪಬೇಕು. ಹೊರದೇಶದ ಆಟಗಾರ 10 ದಿನ ಮುಂಚಿನವರೆಗೂ ಹೆಸರು ವಾಪಸ್ ತೊಗೋಬಹುದು. ಹೆಸರು ಕೊಟ್ಟ ಮಾತ್ರಕ್ಕೆ ಯಾರೂ ಆರಿಸ್ತಾರೆ ಅಂತಲ್ಲ. ಇಡೀ ಪ್ರಪಂಚದಿಂದ ವರ್ಷಕ್ಕೆ ಹೆಚ್ಚೆಂದರೆ 60 ಜನ. ಮೊದಲ ಸುತ್ತಿನವರಿಗೆ ಎರಡು ವರ್ಷದ ಸಂಬಳ ಖಾತ್ರಿ, ಎರಡನೇ ಸುತ್ತಿನವರಿಗೆ ಒಪ್ಪಂದವೇ ಖಾತ್ರಿಯಿಲ್ಲ.

ಇನ್ನು 17ಕ್ಕೆ ಒಪ್ಪಂದ ಅನ್ನೋದು. ಒಂದು ದೇಶದ ಫೆಡರೇಶನ್‌ನಲ್ಲಿ ನೋಂದಾಯಿಸಿದ ಆಟಗಾರ ಇನ್ನೊಂದು ದೇಶದ ಕ್ಲಬ್ಬಿಗೆ ಆಡಬೇಕಾದ್ರೆ 'ಲೆಟರ್ ಆಫ್ ಕ್ಲಿಯರೆನ್ಸ್' ಬೇಕೇ ಬೇಕು. ಹೊಸ ಕ್ಲಬ್ಬಿನ ದೇಶದ ಫೆಡರೇಶನ್ ಕೇಳುತ್ತೆ, ನಮ್ಮ ಬಿಎಫ್‌ಐ (ಭಾರತದ ಬ್ಯಾಸ್ಕೆಟ್‌ಬಾಲ್ ಫೆಡರೇಶನ್) ಕೊಡುತ್ತೆ. ಇದು ಫೆಡರೇಶನ್‌ಗಳ ನಡುವಿನ ಕಾಗದ. ಏಜೆಂಟು ಅಂಗಡಿಯಲ್ಲಿ ಕೊಂಡು ತಂದುಕೊಡೋ ವಸ್ತು ಅಲ್ಲ. 18 ತುಂಬದವರಿಗೆ ಈ ವರ್ಗಾವಣೆ ಸಾಮಾನ್ಯವಾಗಿ ಆಗೋದೇ ಇಲ್ಲ. ತಂದೆ ತಾಯಿ ಬೇರೆ ಕೆಲಸಕ್ಕೆ ಆ ದೇಶಕ್ಕೆ ಹೋಗಿದ್ದರೆ, ಓದಿಗೆ ಹೋಗಿದ್ದರೆ, ಅಂಥ ವಿಶೇಷ ಸಂದರ್ಭದಲ್ಲಿ ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ಪ್ರತಿ ಪ್ರಕರಣವನ್ನೂ ಬೇರೆಯಾಗಿ ನೋಡಿ ಒಪ್ಪಬೇಕು. ಪತ್ರದಲ್ಲಿ ಈ ಒಪ್ಪಿಗೆಯ ಸುದ್ದಿಯೇ ಇಲ್ಲದಿದ್ದರೆ, ಬರೆದವರಿಗೆ ನಿಯಮ ಗೊತ್ತಿಲ್ಲ, ಇಲ್ಲಾ ಗೊತ್ತಿದ್ದೂ ಬರೆದಿದ್ದಾರೆ. ಎರಡರಲ್ಲಿ ಯಾವುದಾದರೂ ನಿಮ್ಮ ಹುಡುಗನಿಗೆ ಅಪಾಯವೇ.

ಏಜೆಂಟ್ ನಿಜವಾದವರಾ ಅಂತ ನೋಡೋಕೆ ಎರಡೇ ನಿಮಿಷ ಸಾಕು. ಫೀಬಾ ಏಜೆಂಟರಿಗೆ ಪರೀಕ್ಷೆ ಇದೆ, ಲೈಸೆನ್ಸ್ ಇದೆ, ಹೆಸರುಗಳ ಪಟ್ಟಿ ಫೀಬಾ ವೆಬ್‌ಸೈಟಿನಲ್ಲೇ ಇದೆ. ಎನ್‌ಬಿಎ ಒಪ್ಪಂದ ಮಾಡಿಸೋಕೆ ಅಲ್ಲಿನ ಆಟಗಾರರ ಸಂಘದ ಮಾನ್ಯತೆ ಬೇರೆ ಬೇಕು. ಯುರೋಪಿನಲ್ಲಿ ಏಜೆಂಟ್ ಕಮಿಷನ್ ಸಂಬಳದ ಶೇ. 10ರ ಒಳಗೆ, ಬಹಳ ಕಡೆ ಕ್ಲಬ್ಬೇ ಕೊಡುತ್ತೆ. ಅಂದ್ರೆ ಹುಡುಗ ದುಡಿದರೆ ಮಾತ್ರ ಏಜೆಂಟ್‌ಗೆ ದುಡ್ಡು. ಮುಂಗಡ ಕೇಳುವವನ ಸಂಪಾದನೆ ಹುಡುಗನ ಆಟದಿಂದ ಬರಲ್ಲ, ಅವರಪ್ಪನ ತೋಟದಿಂದ ಬರುತ್ತೆ.

ಕೋಲಾರ ಪಾಯಿಂಟ್ ಗಾರ್ಡ್

ನಂದಿಯವರು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ನಾನು ಆಟದ ಕಡೆಯಿಂದ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡ ದೊಡ್ಡ ತೊಂದರೆ ಆ ಪತ್ರ ಅಲ್ಲ. 'ಆಡೋದು ಸೆಂಟರ್' ಅನ್ನೋ ಮಾತು.

ಆರಡಿ ಐದಿಂಚು ಅಂದ್ರೆ ಸುಮಾರು 195 ಸೆಂ.ಮೀ. ನಮ್ಮ ಜಿಲ್ಲಾ ಮಟ್ಟದಲ್ಲಿ ಅದು ಸೆಂಟರ್. ಹೊರಗೆ ಅದು ಗಾರ್ಡ್‌ಗಳ, ಅಂದ್ರೆ ರಿಂಗಿನಿಂದ ದೂರ ನಿಂತು ಚೆಂಡು ಆಡಿಸುವವರ ಎತ್ತರ. ಮನು ಜಿನೋಬಿಲಿ 198 ಸೆಂ.ಮೀ., ಜೀವನಪೂರ್ತಿ ಶೂಟಿಂಗ್ ಗಾರ್ಡ್ ಆಡಿದವರು. ಅವರ ದಾರಿಯನ್ನೇ ಒಮ್ಮೆ ನಿಧಾನವಾಗಿ ನೋಡಿ, ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲಿದೆ. ಅರ್ಜೆಂಟೀನಾದ ಬಹಿಯಾ ಬ್ಲಾಂಕಾದಲ್ಲಿ 1977ರಲ್ಲಿ ಹುಟ್ಟಿದವರು. 1995ರಿಂದ ಮೂರು ವರ್ಷ ತಮ್ಮ ದೇಶದ ಲೀಗಿನಲ್ಲೇ ಆಡಿದರು. 1998ರಲ್ಲಿ ಇಟಲಿಯ ರೆಜ್ಜೊ ಕಲಾಬ್ರಿಯಾ ಕ್ಲಬ್ ಸೇರಿದರು. 1999ರ ಡ್ರಾಫ್ಟ್‌ನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ಆರಿಸಿದ್ದು 57ನೆಯವರಾಗಿ, ಆ ವರ್ಷ ಇದ್ದದ್ದೇ 58 ಜನ. ಆಗಲೇ ಅಮೆರಿಕಕ್ಕೆ ಹೋಗಿದ್ದರೆ ಬೆಂಚಿನ ಕೊನೆಯಲ್ಲಿ ಕೂತು ವರ್ಷ ಕಳೀತಿದ್ದರೇನೋ. ಹೋಗಲಿಲ್ಲ. 2000ದಲ್ಲಿ ಇಟಲಿಯದೇ ಬೊಲೊನ್ಯಾ ಕ್ಲಬ್ಬಿಗೆ ಬಂದು, 2001ರಲ್ಲಿ ಯುರೋಪಿನ ದೊಡ್ಡ ಕ್ಲಬ್ ಟೂರ್ನಿ ಯುರೋಲೀಗ್ ಗೆದ್ದು ಫೈನಲ್ಸ್‌ನ ಶ್ರೇಷ್ಠ ಆಟಗಾರ ಆದರು. ಅಷ್ಟೂ ದಿನ ಅವರ ಎನ್‌ಬಿಎ ಹಕ್ಕು ಸ್ಪರ್ಸ್ ಹತ್ತಿರವೇ ಉಳಿದಿತ್ತು. 2002ರಲ್ಲಿ ಹೋದಾಗ 25 ವಯಸ್ಸು, ಮೊದಲ ವರ್ಷದಿಂದಲೇ ಆಡುವ ತಂಡದಲ್ಲಿ ಜಾಗ. 16 ಸೀಸನ್, ನಾಲ್ಕು ಚಾಂಪಿಯನ್‌ಶಿಪ್, ನಡುವೆ 2004ರ ಅಥೆನ್ಸ್ ಒಲಿಂಪಿಕ್ ಚಿನ್ನ.

ಇಲ್ಲಿ ಕಾಣಬೇಕಾದ್ದು ಆಡಿದ ನಿಮಿಷಗಳು. 18ರಿಂದ 25ರವರೆಗೆ ಪ್ರತಿ ವರ್ಷವೂ ಅಂಗಳದೊಳಗೆ ಇದ್ದರು. ಸರ್ಬಿಯಾದ ಆಟಗಾರ ನಿಕೊಲಾ ಯೊಕಿಚ್ ಕೂಡ 2014ರ ಡ್ರಾಫ್ಟ್‌ನಲ್ಲಿ 41ನೆಯವರಾಗಿ ಆಯ್ಕೆಯಾದ ಮೇಲೆ ಇನ್ನೊಂದು ಸೀಸನ್ ಸರ್ಬಿಯಾದಲ್ಲೇ ಆಡಿ ಡೆನ್ವರ್‌ಗೆ ಹೋದರು.

ನಮ್ಮ ಕಡೆಯ ಉದಾಹರಣೆ ಸತ್ನಾಮ್ ಸಿಂಗ್. ಪಂಜಾಬಿನ ಬಲ್ಲೋಕೆ ಹಳ್ಳಿ, ಲುಧಿಯಾನ ಅಕಾಡೆಮಿ, 2010ರಲ್ಲಿ ಸ್ಕಾಲರ್‌ಶಿಪ್ ಮೇಲೆ ಫ್ಲೋರಿಡಾ. 2015ರಲ್ಲಿ ಡಲ್ಲಾಸ್ ತಂಡ 52ನೆಯವರಾಗಿ ಆರಿಸಿತು, ಭಾರತದಲ್ಲಿ ಹುಟ್ಟಿದವರಲ್ಲಿ ಅವರೇ ಮೊದಲಿಗರು. ಏಳಡಿ ಎರಡಿಂಚು ಇದ್ದೂ ಎನ್‌ಬಿಎಗಿಂತ ಕೆಳಗಿನ ಡೆವಲಪ್‌ಮೆಂಟ್ ಲೀಗಿನ ಟೆಕ್ಸಸ್ ಲೆಜೆಂಡ್ಸ್‌ನಲ್ಲಿ ಆಡಿದರೇ ಹೊರತು ಎನ್‌ಬಿಎ ಲೀಗ್ ಪಂದ್ಯಕ್ಕೆ ಇಳಿಯಲು ಆಗಲಿಲ್ಲ. ಎತ್ತರ ಬಾಗಿಲು ತೆಗೆಯುತ್ತೆ, ಒಳಗೆ ಕೂರಿಸಲ್ಲ. ಎರಡನೇ ಡಿವಿಷನ್ ಕ್ಲಬ್‌ಗಳಲ್ಲಿ ವಿದೇಶಿಯರಿಗೆ ಇರೋ ಜಾಗ ಬಹಳ ಕಡೆ ಎರಡು ಮೂರು ಅಷ್ಟೇ, ಆ ಜಾಗಕ್ಕೆ ಅಮೆರಿಕದಲ್ಲಿ ನಾಲ್ಕು ವರ್ಷ ಕಾಲೇಜು ಆಡಿ ಬಂದವರು ಸಾಲು ನಿಂತಿರ್ತಾರೆ. ಅವರನ್ನು ಬಿಟ್ಟು ತುಮಕೂರಿನ ಹುಡುಗನನ್ನು ಯಾಕೆ ತೊಗೋಬೇಕು ಅನ್ನೋದಕ್ಕೆ ಅವನ ಕೈಯಲ್ಲಿ ಉತ್ತರ ಇರಬೇಕು.

ಅದಕ್ಕೆ ಇವತ್ತಿಂದಲೇ ಅವನನ್ನು ರಿಂಗ್ ಕೆಳಗಿನಿಂದ ಹೊರಗೆ ತನ್ನಿ. ವಾರಕ್ಕೆ ಮೂರು ದಿನ 45 ನಿಮಿಷ ಬರೀ ಎಡಗೈ ಡ್ರಿಬಲ್, ಆಮೇಲೆ ಒತ್ತಡದಲ್ಲಿ ಚೆಂಡು ಮೇಲೆ ತರೋದು: ಇಬ್ಬರು ಚಿಕ್ಕ ಗಾರ್ಡ್‌ಗಳನ್ನು ಅವನ ಮೇಲೆ ಬಿಟ್ಟು, ಎಂಟು ಸೆಕೆಂಡಿನೊಳಗೆ ಅರ್ಧ ಅಂಗಳ ದಾಟಿಸಿ. ಮೊದಲ ತಿಂಗಳು ಚೆಂಡು ಕಳ್ಕೋತಾನೆ, ಪಂದ್ಯ ಸೋಲ್ತೀರಿ. ಎತ್ತರದ ಹುಡುಗರನ್ನು ಎಲ್ಲ ಕೋಚ್‌ಗಳೂ ವಾಪಸ್ ರಿಂಗ್ ಕೆಳಗೆ ತಳ್ಳೋದು ಇಲ್ಲೇ. ದಯವಿಟ್ಟು ತಳ್ಳಬೇಡಿ.

ಕಲ್ಪತರು ಕೋರ್ಟ್, ತುಮಕೂರು

ಇಬ್ಬರಿಗೂ ತುಂಬಾ ಧನ್ಯವಾದ ಸರ್. ಫೀಬಾ ಪಟ್ಟಿಯಲ್ಲಿ ಆ ಏಜೆಂಟ್ ಹೆಸರು ಇಲ್ಲ. ಅವರಪ್ಪನಿಗೆ ತೋರಿಸಿದೆ, ಸಾಲದ ಮಾತು ನಿಂತಿದೆ. ಇನ್ನೆರಡು ಅನುಮಾನ ಇದೆ. ಹುಡುಗನ ಜನನ ಪ್ರಮಾಣಪತ್ರದಲ್ಲಿ 14-1-2009 ಇದೆ, ಶಾಲೆಗೆ ಸೇರಿಸುವಾಗ 1-6-2008 ಅಂತ ಬರೆಸಿದ್ದಾರೆ, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲೂ ಅದೇ ಬಂದಿದೆ. ಇದರಿಂದ ತೊಂದರೆಯಾ? ಎರಡನೆಯದು, ನಾವು ಅಭ್ಯಾಸ ಮಾಡುವ ಇನ್ನೊಂದು ಹಳೇ ಅಂಗಳದಲ್ಲಿ ತ್ರೀ ಪಾಯಿಂಟ್ ಗೆರೆ ರಿಂಗಿಗೆ ಹತ್ತಿರ ಅನ್ನಿಸುತ್ತೆ.

ನಂದಿ 1478, ಚಿಕ್ಕಬಳ್ಳಾಪುರ

ತೊಂದರೆಯೇ, ಮತ್ತೆ ಇದು ನಮ್ಮ ಮೂರು ಜಿಲ್ಲೆಯಲ್ಲೂ ಮನೆಮನೆಗಿರೋ ತೊಂದರೆ. ಜೂನ್ 1 ಅಂತ ಬರೆಸಿಬಿಡೋದು ಶಾಲೆ ಸೇರಿಸೋಕೆ ಸುಲಭ ಅಂತ. ಆದರೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ವಯೋಮಿತಿ ಲೆಕ್ಕ ಜನವರಿ 1ರಿಂದ, ಹುಟ್ಟಿದ ಇಸವಿ ನೋಡಿ. 2008 ಅಂತಾದ್ರೆ 22 ತುಂಬೋ ವರ್ಷ 2030, 2009 ಅಂತಾದ್ರೆ 2031. ಎಂಟು ತಿಂಗಳೂ ಆಗದ ವ್ಯತ್ಯಾಸ, ಬೆಳೆಯೋ ಒಂದು ಪೂರ್ತಿ ವರ್ಷ ನುಂಗುತ್ತೆ. ಅದಕ್ಕಿಂತ ಕೆಟ್ಟದ್ದು, ಎರಡು ದಾಖಲೆಯಲ್ಲಿ ಎರಡು ದಿನಾಂಕ ಇದ್ದರೆ ವಯಸ್ಸು ತಿದ್ದಿದ ಹುಡುಗ ಅನ್ನೋ ಅನುಮಾನ ಬರುತ್ತೆ, ತಪ್ಪೇ ಮಾಡದೆ. ಪಾಸ್‌ಪೋರ್ಟ್ ಮಾಡಿಸೋಕೆ ಮುಂಚೆ ಸರಿಪಡಿಸಿ, ಒಮ್ಮೆ ಪಾಸ್‌ಪೋರ್ಟಿನಲ್ಲಿ ಕೂತರೆ ಫೀಬಾಗೂ ವೀಸಾಗೂ ಅದೇ ದಿನಾಂಕ. ಎಸ್ಸೆಸ್ಸೆಲ್ಸಿ ಕಾರ್ಡ್ ಬಂದ ಮೇಲೆ ಸಾಮಾನ್ಯವಾಗಿ ಸಿವಿಲ್ ಕೋರ್ಟಿನ ದಾರಿಯೇ, ಸಮಯ ಹಿಡಿಯುತ್ತೆ, ವಕೀಲರನ್ನು ಈಗಲೇ ಕಾಣಿಸಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ 15 ದಾಟಿದವರು ದೊಡ್ಡವರ ಶುಲ್ಕ ಕಟ್ಟಿ 10 ವರ್ಷದ್ದೇ ತೊಗೋಬಹುದು. ಇಲ್ಲದಿದ್ದರೆ 18ಕ್ಕೆ ಮುಗಿಯುತ್ತೆ, ಸರಿಯಾಗಿ ಬೇಕಾದ ಹೊತ್ತಿಗೆ.

ಅಮೆರಿಕದ ಕಾಲೇಜು ದಾರಿಯನ್ನೂ ಮುಚ್ಚಬೇಡಿ. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೊದಲ ಡಿವಿಷನ್‌ಗೆ 9ನೇ ತರಗತಿಯಿಂದ ಲೆಕ್ಕ ಹಾಕಿ 16 ಮುಖ್ಯ ವಿಷಯ ಬೇಕು: ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಇಂಥವು. ನಮ್ಮಲ್ಲಿ 9ನೇ ತರಗತಿ ಅಂಕಪಟ್ಟಿ ಯಾರೂ ಇಟ್ಟುಕೊಳ್ಳಲ್ಲ. ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರ ಸಹಿ, ಮೊಹರಿನ ಜೊತೆ ಪ್ರತಿ ತೊಗೊಂಡು ಇಡಿ.

ಮುಂದೆ ನಿಜವಾದ ಒಪ್ಪಂದ ಬಂದಾಗ ನಾಲ್ಕು ಸಾಲು ಹುಡುಕಿ. ಸಂಬಳ ತೆರಿಗೆ ಕಳೆದೋ ಕಳೆಯದೆಯೋ? ಎಷ್ಟು ಕಂತು, ಯಾವ ತಾರೀಖು? ವೈದ್ಯಕೀಯ ಪರೀಕ್ಷೆ ಪಾಸಾದ ಮೇಲೆ ಗಾಯವಾದರೂ ಸಂಬಳ ಖಾತ್ರಿಯಾ? ವ್ಯಾಜ್ಯ ಬಂದರೆ ಜಿನೀವಾದ ಬಿಎಟಿ, ಅಂದ್ರೆ ಬ್ಯಾಸ್ಕೆಟ್‌ಬಾಲ್ ಪಂಚಾಯ್ತಿ ಮಂಡಳಿಗೆ ಹೋಗುತ್ತೆ ಅಂತ ಬರೆದಿದೆಯಾ? ಈ ಕೊನೇ ಸಾಲು ಇಲ್ಲದಿದ್ದರೆ ಬಾಕಿ ಸಂಬಳಕ್ಕೆ ಆ ದೇಶದ ಕೋರ್ಟಿಗೆ ಅಲೆಯಬೇಕು. ಇದ್ದರೆ, ಮಂಡಳಿ ತೀರ್ಪಿಗೆ ಬಗ್ಗದ ಕ್ಲಬ್ ಹೊಸ ವಿದೇಶಿ ಆಟಗಾರರನ್ನು ಸೇರಿಸಿಕೊಳ್ಳದಂತೆ ಫೀಬಾ ತಡೆಯಬಹುದು, ಅದಕ್ಕೇ ಹೆದರಿ ಕೊಡ್ತಾರೆ.

ಕೋಲಾರ ಪಾಯಿಂಟ್ ಗಾರ್ಡ್

ಗೆರೆ ನಿಮಗೆ ಹತ್ತಿರ ಅನ್ನಿಸಿದ್ದು ಸರಿ ಇರಬೇಕು. 2010ರವರೆಗೆ ಅದು 6.25 ಮೀಟರ್, ಹಳೇ ಅಂಗಳಗಳಲ್ಲಿ ಆ ಬಣ್ಣವೇ ಉಳಿದಿದೆ. ಈಗ 6.75. ರಿಂಗಿನ ನಡುವಿಂದ ತೂಕದ ಗುಂಡು ಕಟ್ಟಿದ ದಾರ ಇಳಿಬಿಡಿ, ನೆಲ ಮುಟ್ಟಿದ ಕಡೆ ಗುರುತು ಹಾಕಿ. ಆ ಗುರುತು ಎಂಡ್‌ಲೈನ್‌ನ ಒಳ ಅಂಚಿಂದ 1.575 ಮೀಟರ್ ಬರಬೇಕು, ಬರದಿದ್ದರೆ ಕಂಬವೇ ಜರುಗಿದೆ. ಅಲ್ಲಿಂದ 6.75 ಮೀಟರ್ ದಾರ ಹಿಡಿದು ಸೀಮೆಸುಣ್ಣದಲ್ಲಿ ಕಮಾನು ಎಳೆಯಿರಿ, ಅಳತೆ ಗೆರೆಯ ಹೊರ ಅಂಚಿಗೆ. ಎರಡೂ ಮೂಲೆಯಲ್ಲಿ ಸೈಡ್‌ಲೈನ್‌ನಿಂದ 90 ಸೆಂ.ಮೀ. ಒಳಗೆ ನೇರ ಗೆರೆ. ರಿಂಗ್ ಎತ್ತರವನ್ನೂ ಅಳೆಯಿರಿ, 3.05 ಮೀಟರ್ ಇರಬೇಕು. ಸಿಮೆಂಟ್ ಮೇಲೆ ಸಿಮೆಂಟ್ ಹಾಕಿದ ಕಡೆ ಅದು ಕಮ್ಮಿಯಾಗಿರುತ್ತೆ.

ಕ್ಲಬ್ಬಿಗೆ ವಿಡಿಯೊ ಕಳಿಸುವಾಗ ಬರೀ ಡಂಕ್‌ಗಳನ್ನು ಜೋಡಿಸಿ ಕಳಿಸಬೇಡಿ. ಪೂರ್ತಿ ಪಂದ್ಯ ಕಳಿಸಿ, ಅರ್ಧ ಅಂಗಳದ ಗೆರೆಯ ನೇರಕ್ಕೆ ಎತ್ತರದಿಂದ ತೆಗೆದದ್ದು, ಜರ್ಸಿ ಸಂಖ್ಯೆ ಕಾಣುವಂತೆ. ಎತ್ತರ ಬರಿಗಾಲಲ್ಲಿ, ಎರಡೂ ಕಡೆ ಚಾಚಿದ ತೋಳಿನ ಅಗಲ ಗೋಡೆಗೆ ಬೆನ್ನು ಕೊಟ್ಟು, ಎರಡೂ ಸೆಂ.ಮೀ.ನಲ್ಲಿ ಬರೆಯಿರಿ. ಶೂ ಹಾಕಿ ಅಳೆದ ಮೂರು ಸೆಂ.ಮೀ. ಅಲ್ಲಿ ಮೊದಲ ದಿನವೇ ಬಯಲಾಗುತ್ತೆ.

ಜಿಮ್‌ನಲ್ಲಿ ಯಾರಾದರೂ ಕೊಡೋ ಪುಡಿ, ಪ್ರೀ-ವರ್ಕೌಟ್ ಡಬ್ಬಿ ಮುಟ್ಟಿಸಬೇಡಿ. ಸತ್ನಾಮ್‌ಗೆ 2020ರಲ್ಲಿ ಎರಡು ವರ್ಷದ ನಿಷೇಧ ಬಂದಿದ್ದು ಹೈಜೆನಮೈನ್ ಅನ್ನೋ ನಿಷೇಧಿತ ವಸ್ತು ಪತ್ತೆಯಾಗಿ. ಕೆಲವು ತೂಕ ಇಳಿಸೋ ಮತ್ತು ಪ್ರೀ-ವರ್ಕೌಟ್ ಪುಡಿಗಳಲ್ಲಿ ಅದು ಇರುತ್ತೆ, ಒಮ್ಮೊಮ್ಮೆ ಡಬ್ಬಿ ಮೇಲೆ ಬೇರೆ ಗಿಡದ ಹೆಸರಲ್ಲಿ. ಮೊಟ್ಟೆ, ಹಾಲು, ಕಾಳು, ರಾಗಿ ಮುದ್ದೆ ಸಾಕು ಈ ವಯಸ್ಸಿಗೆ. ಅಳತೆ ಆದ ಮೇಲೆ ಅವನ ತೋಳಿನ ಅಗಲ ಎಷ್ಟು ಬಂತು ಇಲ್ಲೇ ಹಾಕಿ, ಯಾವ ಪೊಸಿಷನ್‌ಗೆ ತಯಾರು ಮಾಡಬೇಕು ಅಂತ ಅದನ್ನು ನೋಡಿ ಹೇಳ್ತೀನಿ.