ಕ್ಷಯದ ಮೆನಿಂಜೈಟಿಸ್‌ನಲ್ಲಿ ಹಾನಿ ಮಾಡುವುದು ಹೆಚ್ಚಾದ ಉರಿಯೂತವೋ, ಸಾಲದಾದ ಉರಿಯೂತವೋ?

ಪ್ರಶ್ನೆ – ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ

ಮೆದುಳಿನ ಪೊರೆಗೆ ಕ್ಷಯ ತಗಲಿದವರಿಗೆ (ಕ್ಷಯದ ಮೆನಿಂಜೈಟಿಸ್) ಕ್ಷಯದ ಔಷಧಿಗಳ ಜೊತೆಯಲ್ಲೇ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಸೋಂಕು ಇರುವಾಗಲೇ ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸಿ ಸಾವನ್ನು ಕಡಿಮೆ ಮಾಡಬಹುದಾದರೆ, ಹಾನಿಗೆ ಆ ಪ್ರತಿಕ್ರಿಯೆಯೇ ಕಾರಣವೆಂದು ತೋರುತ್ತದೆ. ಆದರೆ ವಿಯೆಟ್ನಾಂನಿಂದ 2017ರಲ್ಲಿ ಬಂದ ಅಧ್ಯಯನದಲ್ಲಿ, ಎಚ್‌ಐವಿ ಇಲ್ಲದ ರೋಗಿಗಳ ಪೈಕಿ ತೀರಿಕೊಂಡವರ ಬೆನ್ನುಹುರಿ ದ್ರವದಲ್ಲಿ ಉರಿಯೂತಕ್ಕೆ ಸಂಕೇತ ನೀಡುವ ಪ್ರೋಟೀನ್‌ಗಳಾದ ಸೈಟೊಕೈನ್‌ಗಳು ಬದುಕಿದವರಿಗಿಂತ ಕಡಿಮೆಯಿದ್ದವು ಎಂದಿದೆ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 – ನರರೋಗ ವಿಭಾಗದ ವೈದ್ಯರು

ಮೊದಲು ಹಾನಿ ಎಲ್ಲಿ ಆಗುತ್ತದೆ ಎಂಬುದನ್ನು ನೋಡೋಣ. ಮೆದುಳಿನ ಮೇಲ್ಪದರದಲ್ಲಿ ಅಡಗಿದ್ದ ಸಣ್ಣ ಕ್ಷಯದ ಗಂಟು ಒಡೆದು ಬ್ಯಾಕ್ಟೀರಿಯಾಗಳು ಮೆದುಳು-ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರುವುದರಿಂದ ಈ ಮೆನಿಂಜೈಟಿಸ್ ಶುರುವಾಗುತ್ತದೆ ಎಂದು ರಿಚ್ ಮತ್ತು ಮೆಕಾರ್ಡಾಕ್ 1933ರಲ್ಲೇ ಶವಪರೀಕ್ಷೆಗಳಿಂದ ತೋರಿಸಿದ್ದರು. ಅಲ್ಲಿಂದ ಮುಂದೆ ಮೆದುಳಿನ ತಳಭಾಗದಲ್ಲಿ ದಪ್ಪನೆಯ, ಅಂಟಾದ ಸ್ರಾವ ಕಟ್ಟಿಕೊಂಡು, ದ್ರವ ಹರಿಯುವ ದಾರಿಯನ್ನು ಮುಚ್ಚಿ ಮೆದುಳಿನಲ್ಲಿ ನೀರು ತುಂಬಿಸುತ್ತದೆ. ಅದೇ ಸ್ರಾವದೊಳಗೆ ಹಾದುಹೋಗುವ ರಕ್ತನಾಳಗಳ ಗೋಡೆ ಊದಿಕೊಂಡು, ನಾಳ ಕಿರಿದಾಗಿ, ಪಾರ್ಶ್ವವಾಯು ಬರುತ್ತದೆ. ಈ ಎರಡೂ ತೊಡಕುಗಳಲ್ಲಿ ಬ್ಯಾಕ್ಟೀರಿಯಾಕ್ಕಿಂತ ಉರಿಯೂತದ ಪಾಲೇ ದೊಡ್ಡದು.

ವಿಯೆಟ್ನಾಂನಲ್ಲಿ 545 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಡೆಕ್ಸಾಮೆಥಾಸೋನ್ ಸಾವಿನ ಪ್ರಮಾಣವನ್ನು ಶೇ. 41ರಿಂದ ಶೇ. 32ಕ್ಕೆ ಇಳಿಸಿತು. ಆದರೆ ಬದುಕಿದವರಲ್ಲಿ ತೀವ್ರ ಅಂಗವೈಕಲ್ಯ ಕಡಿಮೆಯಾಗಲಿಲ್ಲ. ಸ್ಟೀರಾಯ್ಡ್ ಎಲ್ಲ ಹಾನಿಯನ್ನೂ ತಡೆಯುತ್ತದೆ ಎಂದು ನಂಬುವವರು ಈ ಎರಡನೆಯ ಫಲಿತಾಂಶವನ್ನು ಮರೆಯಬಾರದು ಎಂಬುದು ನನ್ನ ಕಳಕಳಿ.

ಉತ್ತರ 2 – ರೋಗನಿರೋಧಕಶಾಸ್ತ್ರದ ಸಂಶೋಧಕರು

ಮೇಲಿನ ವಿವರಣೆಗೆ ಇನ್ನೊಂದು ಮುಖ ಸೇರಿಸುತ್ತೇನೆ. ಕ್ಷಯದ ಸಂಶೋಧಕಿ ಲಲಿತಾ ರಾಮಕೃಷ್ಣನ್ ಅವರ ತಂಡ ಜೀಬ್ರಾ ಮೀನುಗಳಲ್ಲಿ ಎಲ್‌ಟಿಎ4ಎಚ್ ಎಂಬ ಕಿಣ್ವದ ಜೀನ್ ಅನ್ನು ಅಭ್ಯಾಸ ಮಾಡಿ, 2010 ಮತ್ತು 2012ರಲ್ಲಿ ಪ್ರಕಟಿಸಿದ ಕೆಲಸ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಕಿಣ್ವ ಕಡಿಮೆಯಾದರೆ ಟಿಎನ್‌ಎಫ್ (ಉರಿಯೂತ ಹೆಚ್ಚಿಸುವ ಒಂದು ಸೈಟೊಕೈನ್) ಸಾಲದೆ ಬ್ಯಾಕ್ಟೀರಿಯಾ ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳೊಳಗೇ ಬೆಳೆಯುತ್ತದೆ. ಹೆಚ್ಚಾದರೆ ಟಿಎನ್‌ಎಫ್ ಮಿತಿಮೀರಿ ಆ ಕೋಶಗಳೇ ಸತ್ತು, ಬ್ಯಾಕ್ಟೀರಿಯಾ ಹೊರಗೆ ಬಂದು ಇನ್ನೂ ಹುಲುಸಾಗಿ ಬೆಳೆಯುತ್ತದೆ. ಹೀಗೆ ಎರಡು ವಿರುದ್ಧ ದಾರಿಗಳು ಒಂದೇ ಕೆಟ್ಟ ಫಲಕ್ಕೆ ಮುಟ್ಟುತ್ತವೆ. ವಿಯೆಟ್ನಾಂನ ರೋಗಿಗಳಲ್ಲೂ ಸ್ಟೀರಾಯ್ಡ್‌ನ ಲಾಭ ಮುಖ್ಯವಾಗಿ ಈ ಕಿಣ್ವ ಹೆಚ್ಚಾಗಿ ಹೆಚ್ಚು ಉರಿಯೂತ ತರುವ ಟಿಟಿ ಎಂಬ ಜೀನ್‌ರೂಪದವರಲ್ಲಿ ಕಂಡಿತು.

2017ರ ಅಧ್ಯಯನದ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಕೊಡಲಾಗಿತ್ತು ಎಂಬುದನ್ನು ಗಮನಿಸಿ. ಹೆಚ್ಚಿನ ಉರಿಯೂತ ಇದ್ದವರಿಗೆ ತಕ್ಕ ಔಷಧಿ ಸಿಕ್ಕಿತು, ಕಡಿಮೆ ಇದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ ಎಂದು ಓದಿದರೆ ನೀವು ಕಂಡ ವಿರೋಧಾಭಾಸ ಬಹುಮಟ್ಟಿಗೆ ಕರಗುತ್ತದೆ. ಆದರೂ ಇದನ್ನು ಸರ್ವತ್ರ ಅನ್ವಯವಾಗುವ ನಿಯಮವೆನ್ನಲಾರೆ. ಇಂಡೋನೇಷ್ಯಾದ ರೋಗಿಗಳಲ್ಲಿ ಈ ಜೀನ್‌ನ ನಂಟು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಎಚ್‌ಐವಿ ಇರುವವರಲ್ಲಂತೂ ಸೈಟೊಕೈನ್‌ಗಳೂ ಹೆಚ್ಚು, ಸಾವೂ ಹೆಚ್ಚು. ಹಾಗಿದ್ದೂ 520 ಮಂದಿ ಎಚ್‌ಐವಿ ಸೋಂಕಿತರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಡೆಕ್ಸಾಮೆಥಾಸೋನ್‌ನ ಲಾಭ ಸಾಬೀತಾಗಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಜೀನ್ ಪರೀಕ್ಷೆ ಮಾಡಿ, ಆಮೇಲೆ ಸ್ಟೀರಾಯ್ಡ್ ಕೊಡುವುದೇ ಸರಿಯಲ್ಲವೇ ಸರ್?

ಉತ್ತರ 1ರ ವೈದ್ಯರು

ಅದಕ್ಕಾಗಿ ಚಿಕಿತ್ಸೆ ತಡಮಾಡುವುದು ಸರಿಯಲ್ಲ. ಚಿಕಿತ್ಸೆ ಆರಂಭಿಸುವಾಗ ರೋಗಿಯ ಪ್ರಜ್ಞೆಯ ಮಟ್ಟ ಹೇಗಿದೆ ಎಂಬುದೇ ಇಂದಿಗೂ ಫಲಿತಾಂಶದ ಅತ್ಯಂತ ಬಲವಾದ ಸೂಚಕಗಳಲ್ಲೊಂದು: ಪ್ರಜ್ಞೆಯನ್ನು ಅಳೆಯುವ ಗ್ಲಾಸ್ಗೋ ಅಂಕ ಪೂರ್ಣ 15 ಇದ್ದು ಕೈಕಾಲಿನ ಬಲಹೀನತೆಯಂಥ ನರಸಂಬಂಧಿ ತೊಂದರೆಯಿಲ್ಲದಿದ್ದರೆ ಮೊದಲ, ಅಂದರೆ ಸೌಮ್ಯ ದರ್ಜೆ; 10 ಅಥವಾ ಅದಕ್ಕಿಂತ ಕಡಿಮೆಯಾದರೆ ಮೂರನೆಯ, ಅಂದರೆ ಅತಿ ತೀವ್ರ ದರ್ಜೆ. ಸ್ಟೀರಾಯ್ಡ್ ಅನ್ನು ಆರರಿಂದ ಎಂಟು ವಾರಗಳಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಆ ಅವಧಿಯಲ್ಲಿ ತಲೆನೋವು, ವಾಂತಿ ಮರುಕಳಿಸಿದರೆ ಅದು ಔಷಧಿಗೆ ಬಗ್ಗದ ಕ್ಷಯವೇ ಆಗಿರಬೇಕೆಂದಿಲ್ಲ; ಸತ್ತ ಬ್ಯಾಕ್ಟೀರಿಯಾಗಳ ತುಣುಕುಗಳಿಗೆ ದೇಹ ತೋರುವ ಪ್ರತಿಕ್ರಿಯೆಯೂ ಆಗಿರಬಹುದು. ಯಾವುದೆಂದು ನಿರ್ಧರಿಸಲು ಸ್ಕ್ಯಾನ್ ಮತ್ತು ದ್ರವದ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.