ನಮ್ಮ ಚಿನ್ನಿಗೆ ಕಿಡ್ನಿ ತೊಂದರೆ, ಸೂಜಿ ಚುಚ್ಚೋಕೆ ಧೈರ್ಯ ಬರ್ತಿಲ್ಲ

ಪ್ರಶ್ನೆ: ನಮ್ಮ ಬೆಕ್ಕು ಚಿನ್ನಿಗೆ 14 ವರ್ಷ. ಎರಡೂ ಕಿಡ್ನಿ ಸೋತಿವೆಯಂತೆ. ತಿಂಗಳಿಂದ ಬಕೆಟ್ ಪಕ್ಕ ಕೂತು ನೀರು ಕುಡೀತಾನೇ ಇದ್ದಳು, ಸೆಕೆಗೆ ಅಂದುಕೊಂಡೆ. ಅದೇ ಕೊರೀತಿದೆ. ಈಗ ಚರ್ಮದಡಿ ಡ್ರಿಪ್ ಮನೇಲೇ ಕೊಡಬೇಕಂತೆ. ಸೂಜಿ ಹಿಡಿದರೆ ಕೈ ನಡುಗುತ್ತೆ.

ಉತ್ತರ: ನಿಮ್ಮ ತಪ್ಪಲ್ಲ. ಕಿಡ್ನಿಯ ಬಹುಪಾಲು ಹಾಳಾಗೋವರೆಗೂ ಬೆಕ್ಕು ತೋರಿಸಿಕೊಳ್ಳಲ್ಲ. ಡ್ರಿಪ್ ಚೀಲವನ್ನು ಉಗುರುಬೆಚ್ಚಗಿನ ನೀರಲ್ಲಿಡಿ, ಹೆಗಲ ನಡುವಿನ ಸಡಿಲ ಚರ್ಮ ಎತ್ತಿ ಚುಚ್ಚಿ. ನಮ್ಮನೆ ಬೆಕ್ಕಣ್ಣ ಆಮೇಲೆ ಗುರ್‌ಗುಟ್ಟುತ್ತ ಮಲಗುತ್ತಿದ್ದ.

ಇನ್ನೊಬ್ಬರು: ಒಂದು ದಿನ ಪೂರ್ತಿ ತಿನ್ನದಿದ್ದರೆ ಡಾಕ್ಟರಿಗೆ ಹೇಳಿ. ಉಪವಾಸವಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬುತ್ತೆ. ಊಟ ಸ್ವಲ್ಪ ಬೆಚ್ಚಗೆ ಮಾಡಿ, ವಾಸನೆಗೆ ಬರ್ತಾಳೆ.

ಕೇಳಿದವಳೇ: ಇವತ್ತು ಚುಚ್ಚಿದೆ. ಅವಳು ಅಲ್ಲಾಡಲಿಲ್ಲ, ಅತ್ತದ್ದು ನಾನೇ.