ಅಗ್ಗದ ವಿಚಿತ್ರ ತಂಗುದಾಣಗಳು, ಕಠಿಣ ಚಾರಣದ ಹಾದಿಗಳು: ಹೋಗಿಬಂದವರ ಮಾತು

ಪ್ರಶ್ನೆ: ಬರುವ ಬೇಸಿಗೆಯಲ್ಲಿ ಸ್ಕಾಟ್ಲೆಂಡ್ ಮತ್ತು ಸ್ವಿಸ್ ಆಲ್ಪ್ಸ್‌ನಲ್ಲಿ ಒಬ್ಬನೇ ಚಾರಣ ಮಾಡುವ ಯೋಚನೆಯಿದೆ. ಖರ್ಚು ಕಡಿಮೆಯಿರಬೇಕು, ತಂಗುವ ಜಾಗ ಮಾಮೂಲಿ ಹೋಟೆಲಿನಂತಿರಬಾರದು. ಅಂಥ ಕಡೆ ತಂಗಿದವರೂ ಹಾದಿಯ ಕಷ್ಟವನ್ನು ಮೊದಲೇ ಅಂದಾಜು ಮಾಡಬಲ್ಲವರೂ ಅನುಭವ ಹಂಚಿಕೊಳ್ಳಬೇಕೆಂದು ಕೋರಿಕೆ.

ಮೊದಲ ಉತ್ತರ: ಬಾಡಿಗೆಯೇ ಇಲ್ಲದ ಜಾಗ ಬೇಕಿದ್ದರೆ ಸ್ಕಾಟ್ಲೆಂಡಿನ ಬಾಥಿಗಳಿವೆ. ಕುರಿ ಕಾಯುವವರೂ ಎಸ್ಟೇಟಿನ ಕೆಲಸಗಾರರೂ ಬಿಟ್ಟುಹೋದ ಇಂಥ ಒಂಟಿ ಮನೆಗಳಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೆಲವನ್ನೂ ಸೇರಿಸಿ, ಸುಮಾರು 100ನ್ನು 1965ರಲ್ಲಿ ಹುಟ್ಟಿದ ಮೌಂಟನ್ ಬಾಥೀಸ್ ಅಸೋಸಿಯೇಷನ್ ಎಂಬ ಸ್ವಯಂಸೇವಕರ ಸಂಸ್ಥೆ ದುರಸ್ತಿ ಮಾಡಿ, ಬಂದವರಿಗೆಲ್ಲ ತೆರೆದಿಟ್ಟಿದೆ. ಮುಂಗಡವಾಗಿ ಕಾಯ್ದಿರಿಸುವ ಪದ್ಧತಿಯಿಲ್ಲದ ಕಾರಣ ನೀವು ತಲುಪುವಷ್ಟರಲ್ಲಿ ಒಳಗೆ ಕಾಲು ಚಾಚಲೂ ಜಾಗ ಇಲ್ಲದಿರಬಹುದು. ಡೇರೆ ಒಯ್ಯದೆ ಬಾಥಿಯೊಂದನ್ನೇ ನಂಬಿ ಹೊರಡಬೇಡಿ. ವಿದ್ಯುತ್ತು, ನಲ್ಲಿ ಇರುವುದಿಲ್ಲ. ಬಹುಪಾಲು ಕಡೆ ಶೌಚಾಲಯದ ಬದಲು ಒಂದು ಸಲಿಕೆ ಇಟ್ಟಿರುತ್ತಾರೆ, ಅದನ್ನು ಹಿಡಿದು ಮನೆಯಿಂದಲೂ ತೊರೆಯಿಂದಲೂ ದೂರ ಹೋಗಬೇಕು. ನನಗೆ ಇದೆಲ್ಲ ಹಿಡಿಸಿತು, ಇಲಿಗಳ ಓಡಾಟವೊಂದನ್ನು ಬಿಟ್ಟು. ತಿಂಡಿಯ ಚೀಲವನ್ನು ಮೊಳೆಗೆ ತೂಗುಹಾಕಿಯೇ ಮಲಗಿ.

ಎರಡನೆಯ ಉತ್ತರ: ನಡುವೆ ಜರ್ಮನಿಯನ್ನು ಹಾಯುವುದಾದರೆ ಆಲ್ಟೆನಾ ಕೋಟೆಯನ್ನು ನೋಡಿ. ರಿಚರ್ಡ್ ಶಿರ್ಮನ್ ಎಂಬ ಶಾಲಾ ಮೇಷ್ಟ್ರು 1912ರಲ್ಲಿ ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲನ್ನು ತೆರೆದದ್ದು ಅಲ್ಲಿಯೇ.

ಮೂರನೆಯ ಉತ್ತರ: ಆಲ್ಪ್ಸ್‌ನ ಹಟ್‌ಗಳು, ಅಂದರೆ ಬೆಟ್ಟದ ಮೇಲೆ ಚಾರಣಿಗರು ತಂಗುವ ಮನೆಗಳು, ಅಗ್ಗವೆಂದರೆ ಅಲ್ಲಿಯ ಲೆಕ್ಕಕ್ಕೆ ಅಗ್ಗ, ಅಷ್ಟೇ. ಸಾಲಾಗಿ ಹಾಸಿದ ಹಾಸಿಗೆಗಳಲ್ಲಿ ಅಪರಿಚಿತರ ಮಗ್ಗುಲಲ್ಲಿ ಮಲಗಬೇಕು. ಒಳಚೀಲವನ್ನು, ಅಂದರೆ ಮೈತೂರಿಸಿ ಮಲಗುವ ತೆಳು ಬಟ್ಟೆಯ ಚೀಲವನ್ನು, ನೀವೇ ಒಯ್ಯಬೇಕು. ರಾತ್ರಿ 10ಕ್ಕೆ ಮೌನ. ನಸುಕಿನಲ್ಲಿ ಹೊರಡುವವರು ರಾತ್ರಿಯೇ ಚೀಲ ಕಟ್ಟಿಡದೆ ಪ್ಲಾಸ್ಟಿಕ್ ಸದ್ದು ಮಾಡಿದರೆ ಇಡೀ ಕೋಣೆಯ ಶಾಪಕ್ಕೆ ಗುರಿಯಾಗುತ್ತಾರೆ, ಅದು ನ್ಯಾಯವೂ ಹೌದು. ಕಾಯ್ದಿರಿಸಿದ ಮೇಲೆ ಬರಲಾಗದಿದ್ದರೆ ಕರೆ ಮಾಡಿ ತಿಳಿಸಲೇಬೇಕು, ಇಲ್ಲದಿದ್ದರೆ ನೀವು ದಾರಿಯಲ್ಲಿ ಅಪಾಯಕ್ಕೆ ಸಿಕ್ಕಿರಬಹುದೆಂದು ಹಟ್ ನೋಡಿಕೊಳ್ಳುವವರು ಆತಂಕಪಡುತ್ತಾರೆ.

ನಾಲ್ಕನೆಯ ಉತ್ತರ: ಹಾದಿಯ ವಿಷಯದಲ್ಲಿ ಕಿಲೋಮೀಟರ್ ಲೆಕ್ಕವನ್ನು ನಂಬಿ ತಂಗುದಾಣ ಗೊತ್ತುಮಾಡಬೇಡಿ. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟಿಷ್ ಚಾರಣಿಗರು ಕೊಟ್ಟ ಸೂತ್ರ ಇಂದಿಗೂ ಉಪಯುಕ್ತ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 900 ಮೀಟರ್ ಏರಿರುವ 12 ಕಿ.ಮೀ. ಹಾದಿಗೆ ಹೆಚ್ಚುಕಡಿಮೆ ನಾಲ್ಕು ಗಂಟೆ, ಅದೂ ವಿಶ್ರಾಂತಿಯಿಲ್ಲದೆ. ಸಡಿಲ ಕಲ್ಲುಗಳ ಕಡಿದಾದ ಇಳಿಜಾರೂ ಹೊತ್ತು ತಿನ್ನುತ್ತದೆ ಎಂಬುದು ಈ ಲೆಕ್ಕದಲ್ಲಿ ಸೇರಿಲ್ಲ. ಹೊತ್ತಿನ ಲೆಕ್ಕವೂ ಸಾಲದ ಜಾಗಗಳಿವೆ. ವೇಲ್ಸ್‌ನ ಕ್ರಿಬ್ ಗಾಕ್ ಏಣು ತೀರ ಚಿಕ್ಕದು, ಆದರೆ ಎರಡೂ ಬದಿ ಪ್ರಪಾತವಿರುವಾಗ ಗಾಳಿ ಎದ್ದರೆ ಅಲ್ಲಿ ಒಂದೊಂದು ಹೆಜ್ಜೆಯೂ ಭಾರ. ಸ್ವಿಟ್ಜರ್ಲೆಂಡಿನಲ್ಲಿ ಗುರುತುಗಳನ್ನು ಓದಲು ಕಲಿಯಿರಿ: ಹಳದಿ ಸಾಧಾರಣ ಹಾದಿ, ಬಿಳಿ-ಕೆಂಪು-ಬಿಳಿ ಬೆಟ್ಟದ ಹಾದಿ, ಬಿಳಿ-ನೀಲಿ-ಬಿಳಿ ಕಂಡರೆ ಕೈಯೂರಿ ಹತ್ತಬೇಕಾದ, ಹಿಮವೋ ಹಿಮನದಿಯೋ ಅಡ್ಡ ಬರಬಹುದಾದ ಹಾದಿ. ಒಂಟಿಯಾಗಿ ಹೋಗುವ ನಿಮಗೆ ಮೊದಲ ಸಲ ಕೆಂಪು ಪಟ್ಟಿಯೇ ಸಾಕೆಂಬುದು ನನ್ನ ಅಭಿಪ್ರಾಯ. ಮಧ್ಯಾಹ್ನ ಗುಡುಗು ಮಳೆಯ ಮುನ್ಸೂಚನೆಯಿದ್ದರೆ ಅದಕ್ಕೆ ಮೊದಲೇ ಏಣು ದಾಟಿರುವಂತೆ ಹೊರಡಿ. ಹೊರಡುವಾಗ ಹಟ್‌ನಲ್ಲಿಟ್ಟಿರುವ ಪುಸ್ತಕದಲ್ಲಿ ಹೆಸರು, ತಾರೀಖು, ಮುಂದಿನ ಹಟ್, ಹಿಡಿಯುವ ಹಾದಿ ಇಷ್ಟನ್ನೂ ಸ್ಪಷ್ಟವಾಗಿ ಬರೆದಿಡಿ. ಹುಡುಕುವ ಪ್ರಸಂಗ ಬಂದರೆ ರಕ್ಷಣಾ ತಂಡಕ್ಕೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದು ಅದರಿಂದ.